ಹೊರಟೇಬಿಟ್ವಿ ಅನ್ನುವಷ್ಟರಲ್ಲಿ

ಹಾಯಿದೋಣಿಗೆ ಖರ್ಚೇ ಇಲ್ಲ, ಗಾಳಿ ಪುಕ್ಕಟೆ ಅಂದವರು ದೋಣಿ ಮಾರಲು ಕೂತವರೇ ಇರಬೇಕು. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಬರ್ಕ್ಲಿ ದಡದಲ್ಲಿ ನಾನೂ ನನ್ನ ಕುಂದಾಪುರದ ಗೆಳೆಯನೂ ಪಾಲಿನಲ್ಲಿ ಇಟ್ಟುಕೊಂಡಿರುವ 25 ಅಡಿಯ ಹಳೇ ಫೈಬರ್ ದೋಣಿಗೆ ಗಾಳಿಯೊಂದು ಬಿಟ್ಟು ಮಿಕ್ಕಿದ್ದಕ್ಕೆಲ್ಲ ದುಡ್ಡು ಬೇಕು.

ಈ ಸಲ ಕೊಲ್ಲಿಯ ಬಾಯಲ್ಲಿರುವ ಗೋಲ್ಡನ್ ಗೇಟ್ ಸೇತುವೆ ದಾಟಿ, ಹೊರಗಿನ ಕಡಲದಂಡೆಯ ಹಾಫ್ ಮೂನ್ ಬೇ ಊರಿನವರೆಗೆ ಹೋಗಿಬರುವ ಪ್ಲಾನು. ಸೇತುವೆ ಕೆಳಗೆ ನೀರಿನ ಸೆಳೆತ ಜೋರು. ಇಳಿತದಲ್ಲಿ ಹೊರಟರೆ ಸಮುದ್ರವೇ ಆಚೆಗೆ ಎಳೆದುಕೊಳ್ಳುತ್ತದೆ. ಹೊತ್ತು ತಪ್ಪಿ ಭರತ ಶುರುವಾಯಿತೋ, ಮುಗೀತು. ನಮ್ಮ ಪುಟ್ಟ ಡೀಸೆಲ್ ಎಂಜಿನ್ ಎಷ್ಟು ಬಡ್ಕೊಂಡರೂ ಸೇತುವೆ ಹತ್ತಿರ ಬರುವುದಿಲ್ಲ.

ಹಾಗಾಗಿ ಎಲ್ಲ ಮೊದಲೇ ಸಿದ್ಧವಾಗಿರಬೇಕು. ಮುಳುಗುಗಾರ ಬಂದು ದೋಣಿಯ ಹೊಟ್ಟೆಗೆ ಅಂಟಿದ ಚಿಪ್ಪುಗಳನ್ನು ಕೆರೆದು, ಪ್ರೊಪೆಲರ್ ಶಾಫ್ಟಿಗೆ ಹೊಸ ಸತುವಿನ ಬಳೆ ತೊಡಿಸಿ ಹೋದ. ಉಪ್ಪುನೀರು ಮೊದಲು ಆ ಸತುವನ್ನು ತಿನ್ನುತ್ತದೆ, ಪ್ರೊಪೆಲರ್ ಉಳಿಯುತ್ತದೆ. ಮದುವೆಮನೆಯಲ್ಲಿ ಬೀಗರ ಕೈಲಿ ಬೈಸಿಕೊಳ್ಳೋಕೆ ಅಂತಲೇ ಒಬ್ಬ ಸೋದರಮಾವನನ್ನು ಮುಂದೆ ಬಿಡ್ತಾರಲ್ಲ, ಹಾಗೆ. ಆಪತ್ತಿಗೆ ಹಾರಿಸುವ ಬೆಂಕಿಬಾಣಗಳ ತಾರೀಖು ಮುಗಿದಿತ್ತು. ತಯಾರಾಗಿ 42 ತಿಂಗಳಾದ ಮೇಲೆ ಇಲ್ಲಿ ಅವು ಲೆಕ್ಕಕ್ಕಿಲ್ಲ. ಹೊಸದು ತಂದೆವು.

ನನ್ನ ಹೆಂಡತಿಗೆ ಕಂಡದ್ದು ಮಾತ್ರ ಬೇರೆ. ನೀರು ಒಳಗೆ ಬರುವ ಪ್ರತಿ ವಾಲ್ವಿನ ಪಕ್ಕ ದಾರದಲ್ಲಿ ಒಂದೊಂದು ಮರದ ಬೆಣೆ ನೇತಾಡುತ್ತದೆ. ಪೈಪ್ ಒಡೆದರೆ ಬಡಿದು ಸಿಗಿಸಲು.

"ಇಷ್ಟೆಲ್ಲ ದುಡ್ಡು ಸುರಿದು, ಕೊನೆಗೆ ನಮ್ಮ ಜೀವ ಉಳಿಸೋದು ಈ ಬುಗುರಿನಾ?"

ಹೌದು. ಸುಮ್ನೆ ತಲೆಯಾಡಿಸಿದೆ.

ಹೊರಡುವ ಬೆಳಗ್ಗೆ ಚಳಿ ಚಳಿ. ಫ್ಲಾಸ್ಕಿನಲ್ಲಿ ಕಾಫಿ, ಡಬ್ಬಿಯಲ್ಲಿ ಪುಳಿಯೋಗರೆ. ಇಳಿತಕ್ಕೆ ಇನ್ನೂ ಟೈಮಿತ್ತು. ಗೆಳೆಯ ಹಾಯಿ ಏರಿಸುವ ಹಗ್ಗದ ಕೊಂಡಿ ಬಿಚ್ಚಿ ಹಾಯಿಗೆ ಹಾಕಲು ಹೋದ. ಅಷ್ಟರಲ್ಲಿ ಅವನಿಗೆ ಸೀನು ಬಂತು. ಕೊಂಡಿ ಕೈತಪ್ಪಿ ಜೋಲಾಡಿತು. ಹಗ್ಗದ ಇನ್ನೊಂದು ತುದಿಯನ್ನು ಯಾರೋ ಎಳೆದರು. (ಯಾರು ಅಂತ ಇವತ್ತಿಗೂ ಇತ್ಯರ್ಥವಾಗಿಲ್ಲ.) ಸರ್ರನೆ ಮೇಲೇರಿ, ಪಟಸ್ತಂಭದ ತುದಿಯ ರಾಟೆಗೆ ಟಕ್ ಅಂತ ಬಡಿದು ನಿಂತಿತು. ಎಲ್ಲರೂ ಕತ್ತೆತ್ತಿ ನೋಡಿದೆವು. ಅದೂ ನಮ್ಮನ್ನೇ ನೋಡುತ್ತಿತ್ತು.

"ಎಂತ ಮಾರಾಯ ಇದು!" ಅಂದ.

"ನನ್ನನ್ನ ಯಾಕೆ ಕೇಳ್ತೀಯ? ಹತ್ತು."

ಕ್ಯಾನ್ವಾಸ್ ಕುರ್ಚಿಯಲ್ಲಿ ಅವನನ್ನು ಕೂರಿಸಿ, ಇನ್ನೊಂದು ಹಗ್ಗಕ್ಕೆ ಕಟ್ಟಿ, ವಿಂಚ್ ತಿರುಗಿಸಿ ಮೇಲೇರಿಸಿದೆ. ಮನುಷ್ಯ ನೋಡೋಕೆ ತೆಳ್ಳಗಿದ್ದಾನೆ, ಅಷ್ಟೇ. ನನ್ನ ತೋಳು ಬಿದ್ದುಹೋಯಿತು. ಅವನ ಜೇಬಿನಿಂದ ಸ್ಪ್ಯಾನರ್ ಜಾರಿ ನೇರ ನೀರಿಗೆ. ಈ ದಡದ ಕೆಸರಲ್ಲಿ ನಮ್ಮದೇ ಒಂದು ಹಾರ್ಡ್‌ವೇರ್ ಅಂಗಡಿ ಇದೆ. ಹಗ್ಗ ಸಿಕ್ಕಿತು. ಅಷ್ಟು ಹೊತ್ತಿಗೆ ಇಳಿತ ಮುಕ್ಕಾಲು ಪಾಲು ಮುಗಿದಿತ್ತು.

"ಇಲ್ಲಿ ಲೈಟಿನ ಗಾಜೂ ಬಿರುಕು ಬಿಟ್ಟಿದೆ!" ಮೇಲಿಂದ ಕೂಗಿದ.

ಅವನ ಹೆಂಡತಿ ಪುಳಿಯೋಗರೆ ಬಡಿಸುತ್ತಾ ತಲೆ ಕೂಡ ಎತ್ತಲಿಲ್ಲ.

"ಇಳೀರಿ ಕೆಳಗೆ. ಅದನ್ನ ನಾವ್ಯಾರೂ ನೋಡಿಲ್ಲ."