ಸುಮ್ನಿರೋದಕ್ಕೂ ಒಂದು ತಾರೀಖು ಇರಲಿ

ಮೊನ್ನೆ ಹಳೆಯ ಸಹೋದ್ಯೋಗಿಯೊಬ್ಬಳು ಫೋನ್ ಮಾಡಿದ್ದಳು. ಎರಡು ವರ್ಷದಿಂದ ಅವಳಿಗೆ ಪ್ರಮೋಷನ್ ಇಲ್ಲ. ಅವಳೇ ಕೆಲಸ ಕಲಿಸಿದ ಹುಡುಗ ಈಗ ಅವಳ ಮೇಲೆ ಬಂದು ಕೂತಿದ್ದಾನೆ. "ಬೇರೆ ಕೆಲಸ ಹುಡುಕೋ ತಾಳ್ಮೆ ಇಲ್ಲ ಕಣೋ. ಇನ್ಮೇಲೆ ಆರು ಗಂಟೆಗೆ ಲ್ಯಾಪ್‌ಟಾಪ್ ಮುಚ್ಚೋದು, ಹೇಳಿದಷ್ಟೇ ಮಾಡೋದು, ಅಷ್ಟೇ" ಅಂದಳು. ನಾನು ಹೂಂ ಅಂದೆ. ಫೋನ್ ಇಟ್ಟ ಮೇಲೆ ಯಾಕೋ ಸಮಾಧಾನ ಆಗಲಿಲ್ಲ. ಇದೇ ಮಾತು ಹೇಳಿಕೊಂಡು 14 ತಿಂಗಳು ಕಳೆದವನು ನಾನು.

ಇದಕ್ಕೆ ಈಗ 'ಕ್ವೈಟ್ ಕ್ವಿಟ್ಟಿಂಗ್' ಅನ್ನುತ್ತಾರೆ. 2022ರ ಜುಲೈನಲ್ಲಿ ನ್ಯೂಯಾರ್ಕಿನ ಜೈದ್ ಖಾನ್ ಅನ್ನೋ ಎಂಜಿನಿಯರ್ ಹಾಕಿದ ಒಂದು ಚಿಕ್ಕ ಟಿಕ್‌ಟಾಕ್ ವಿಡಿಯೋದಿಂದ ಆ ಹೆಸರು ಎಲ್ಲರ ಬಾಯಿಗೆ ಬಂತು. ಹೆಸರು ಹೊಸದು, ವಿಷಯ ಹಳೆಯದು. ಕಾರ್ಮಿಕ ಸಂಘಗಳು 'ವರ್ಕ್ ಟು ರೂಲ್' ಅಂತ ಎಷ್ಟೋ ಕಾಲದಿಂದ ಇದನ್ನೇ ಮಾಡಿಕೊಂಡು ಬಂದಿವೆ: ನಿಯಮದಲ್ಲಿ ಇದ್ದಷ್ಟೇ ಕೆಲಸ, ಒಂದು ಕಡ್ಡಿ ಜಾಸ್ತಿ ಇಲ್ಲ. ಆದರೆ ಸಂಘದವರು ಎಲ್ಲರೂ ಒಟ್ಟಿಗೆ ಮಾಡುತ್ತಾರೆ, ಇಂಥದ್ದು ಬೇಕು ಅಂತ ಹೇಳಿ ಮಾಡುತ್ತಾರೆ. ನಾವು ಒಬ್ಬೊಬ್ಬರೇ, ಯಾರಿಗೂ ಹೇಳದೆ ಮಾಡುತ್ತೇವೆ. ಅಲ್ಲೇ ಎಡವಟ್ಟಾಗೋದು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹೊತ್ತಿಗೆ ಸರಿಯಾಗಿ ಬಂದು, ಕೊಟ್ಟ ಕೆಲಸ ನೆಟ್ಟಗೆ ಮುಗಿಸಿ, ಹೊತ್ತಿಗೆ ಸರಿಯಾಗಿ ಮನೆಗೆ ಹೋಗೋದು ತಪ್ಪೇ ಅಲ್ಲ. ಸಂಬಳ ಕೊಡೋದು ಅಷ್ಟಕ್ಕೇ ಅಲ್ವಾ? ಸಮೀಕ್ಷೆ ಮಾಡೋ ಗ್ಯಾಲಪ್ ಸಂಸ್ಥೆ 2023ರ ವರದಿಯಲ್ಲಿ ಪ್ರಪಂಚದ ಶೇ. 59ರಷ್ಟು ಉದ್ಯೋಗಿಗಳನ್ನು 'ಕ್ವೈಟ್ ಕ್ವಿಟ್ಟಿಂಗ್' ಗುಂಪಿಗೆ ಸೇರಿಸಿತ್ತು. ನನಗೇನೋ ಅದು ಅನ್ಯಾಯ ಅನ್ನಿಸಿತ್ತು. ಕೆಲಸದ ಜೊತೆ ಮನಸ್ಸನ್ನೂ ಒತ್ತೆ ಇಡಬೇಕು ಅಂತ ಯಾವ ಆಫರ್ ಲೆಟರ್‌ನಲ್ಲೂ ಬರೆದಿರಲ್ಲ. ನಾನು ಹೇಳುತ್ತಿರೋದು ಬೇರೆ. ನೋವಾಗಿ, ಸಿಟ್ಟಾಗಿ, 'ಇವರಿಗೆ ಬುದ್ಧಿ ಬರಲಿ' ಅಂತ ಕೈ ಕಟ್ಟಿಕೊಂಡು ಕೂರೋದರ ಬಗ್ಗೆ.

ನಾನು ಹಾಗೆ ಕೂತಿದ್ದೆ. ಅದಕ್ಕೆ ಮೊದಲಿನ ವರ್ಷ ಗಾಣದೆತ್ತಿನ ಹಾಗೆ ದುಡಿದಿದ್ದೆ. ಅಪ್ರೈಸಲ್‌ನಲ್ಲಿ 5ಕ್ಕೆ 3 ಬಂತು. 'ಬಜೆಟ್ ಇಲ್ಲ' ಅಂದರು. ಸರಿ, ಇನ್ನು ನನ್ನಿಂದಲೂ ಇಲ್ಲ ಅಂದುಕೊಂಡೆ. ಮೀಟಿಂಗಿನಲ್ಲಿ ಬಾಯಿ ಬಿಡೋದು ನಿಲ್ಲಿಸಿದೆ. ಹೊಸಬರಿಗೆ ಹೇಳಿಕೊಡೋದು ನಿಲ್ಲಿಸಿದೆ. ಪ್ರತಿ ಸೋಮವಾರ ನಾನಾಗೇ ತಯಾರು ಮಾಡಿ ಕಳಿಸುತ್ತಿದ್ದ ಒಂದು ರಿಪೋರ್ಟ್ ಇತ್ತು, ಯಾರೂ ಕೇಳಿದ್ದಲ್ಲ, ಅದನ್ನೂ ನಿಲ್ಲಿಸಿದೆ. ಯಾರಾದರೂ 'ಯಾಕೆ ಬರಲಿಲ್ಲ' ಅಂತ ಕೇಳುತ್ತಾರೆ, ಆಗ ಎಲ್ಲ ಹೇಳಿಬಿಡೋಣ ಅಂತ ಕಾದೆ. ಹೇಳಬೇಕಾದ ಮಾತುಗಳನ್ನು ಸ್ನಾನ ಮಾಡುವಾಗ ಬಾಯಿಪಾಠ ಕೂಡ ಮಾಡಿಕೊಂಡಿದ್ದೆ, ನಗಬೇಡಿ.

ಮುಂದಿನ ಅಪ್ರೈಸಲ್ ಬಂತು. ಮತ್ತೆ 3.

ಮೊದಲು ನಗು ಬಂತು. ಪ್ರಾಣ ಬಿಟ್ಟು ದುಡಿದಾಗಲೂ 3, ಸುಮ್ನೆ ಕೂತಾಗಲೂ 3. ನಾನೇ ಗೆದ್ದೆ ಅನ್ನಿಸಿತು. ಆಮೇಲೆ ರಾತ್ರಿ ಮಲಗಿದಾಗ ಹೊಟ್ಟೆ ತೊಳಸಿದ ಹಾಗಾಯಿತು. ಇಷ್ಟು ತಿಂಗಳು ನಾನು ಶಿಕ್ಷೆ ಕೊಡುತ್ತಿದ್ದೆ ಅಂದುಕೊಂಡಿದ್ದೆನಲ್ಲ, ಅದು ಯಾರಿಗೂ ತಾಗೇ ಇರಲಿಲ್ಲ.

ತಾಗಿದ್ದು ಯಾರಿಗೆ ಅಂತ ಗೊತ್ತಾಗಿದ್ದು ಹೊರಗೆ ಇಂಟರ್‌ವ್ಯೂಗೆ ಹೋದಾಗ. ಎದುರು ಕೂತಿದ್ದವರು ತುಂಬ ಮೆತ್ತಗಿನ ಮನುಷ್ಯೆ. "ಕಳೆದ ಒಂದು ವರ್ಷದಲ್ಲಿ ನಿಮಗೆ ಖುಷಿ ಕೊಟ್ಟ ಕೆಲಸ ಒಂದು ಹೇಳಿ" ಅಂದರು. ನಾನು ಎರಡು ವರ್ಷ ಹಿಂದಿನದು ಶುರು ಮಾಡಿದೆ. "ಇದು ಹಳೆಯದಲ್ವಾ?" ಅಂದರು. ನೀರು ಕುಡಿದೆ. ಹೇಳೋಕೆ ಏನೂ ಇರಲಿಲ್ಲ. ಆ ಕೆಲಸ ಸಿಗಲಿಲ್ಲ, ಸಿಗಬಾರದಿತ್ತು ಕೂಡ. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಅಂತಾರಲ್ಲ, ಹಾಗೆ. ಅಪಶಕುನ ಆಗಬೇಕಾದವರು ನೋಡಲೇ ಇಲ್ಲ, ಮೂಗು ಮಾತ್ರ ನನ್ನದು ಹೋಗಿತ್ತು.

ಆಲ್ಬರ್ಟ್ ಹಿರ್ಷ್‌ಮನ್ ಅನ್ನೋ ಅರ್ಥಶಾಸ್ತ್ರಜ್ಞ 1970ರಲ್ಲೇ ಇದನ್ನು ಚೆನ್ನಾಗಿ ಬಿಡಿಸಿ ಹೇಳಿದ್ದರು. ಒಂದು ಸಂಸ್ಥೆ ಹಾಳಾಗುತ್ತಿದ್ದರೆ ಅದರ ಜೊತೆಗಿರೋರಿಗೆ ಎರಡು ದಾರಿ. ಬಿಟ್ಟು ಹೋಗೋದು, ಇಲ್ಲವೇ ಬಾಯಿ ಬಿಟ್ಟು ಹೇಳೋದು. ಯಾವುದನ್ನು ಮಾಡಿದರೂ ಏನೋ ಕೆಟ್ಟಿದೆ ಅಂತ ಮೇಲಿನವರಿಗೆ ಸುದ್ದಿ ಮುಟ್ಟುತ್ತದೆ. ನಾನು ಎರಡೂ ಮಾಡಿರಲಿಲ್ಲ. ಮ್ಯಾನೇಜರ್ ಮುಂದೆ ಕೂತು "ನನಗೆ ಈ ರೇಟಿಂಗ್ ಸರಿ ಕಾಣಲಿಲ್ಲ, ಯಾಕೆ ಹೇಳಿ" ಅಂತ ಒಂದೇ ಒಂದು ಸಲ ಕೇಳಿರಲಿಲ್ಲ. ಅಳದಿದ್ದರೆ ಮಗುವಿಗೂ ಹಾಲಿಲ್ಲ ಅನ್ನೋದು ಗೊತ್ತಿದ್ದೂ, ಮರ್ಯಾದೆ ಅಡ್ಡ ಬಂತು.

ಹಾಗಂತ ಕೆಲಸ ಬದಲಾಯಿಸಿದರೆ ಎಲ್ಲ ಸರಿಹೋಗುತ್ತೆ ಅಂತಲೂ ನಾನು ಹೇಳಲ್ಲ. ಸಂಬಳದ ಲೆಕ್ಕದಲ್ಲೂ ಅದು ಯಾವಾಗಲೂ ಲಾಭ ಅಲ್ಲ. ಅಮೆರಿಕದಲ್ಲಿ ಅಟ್ಲಾಂಟಾ ಫೆಡ್, ಅಂದರೆ ಅಲ್ಲಿನ ಕೇಂದ್ರ ಬ್ಯಾಂಕ್ ವ್ಯವಸ್ಥೆಯ ಅಟ್ಲಾಂಟಾ ಬ್ಯಾಂಕ್, ಪ್ರತಿ ತಿಂಗಳು ಇದರ ಲೆಕ್ಕ ಇಡುತ್ತದೆ. 2022ರಲ್ಲಿ ಕೆಲಸ ಬದಲಾಯಿಸಿದವರ ಸಂಬಳ ಅಲ್ಲೇ ಉಳಿದವರಿಗಿಂತ ಸಾಕಷ್ಟು ಜಾಸ್ತಿ ಏರುತ್ತಿತ್ತು. 2025ರ ಹೊತ್ತಿಗೆ ಆ ಅಂತರ ಹೆಚ್ಚುಕಡಿಮೆ ಕರಗಿಹೋಗಿತ್ತು. ಮಾರ್ಕೆಟ್ ಬಿದ್ದಾಗ ಹಾರಿದರೆ ಕಾಲು ಮುರಿದುಕೊಳ್ಳೋದೂ ಉಂಟು. ಸಾಲ ಇರೋರು, ಮನೆಯಲ್ಲಿ ಕಾಯಿಲೆಯವರನ್ನು ನೋಡಿಕೊಳ್ಳೋರು, ವೀಸಾ ಕಂಪನಿಯ ಕೈಯಲ್ಲಿ ಇರೋರು ಒಂದಿಷ್ಟು ದಿನ ಕೈ ಹಿಂದಕ್ಕೆ ತೆಗೆದುಕೊಂಡರೆ ನಾನಂತೂ ಬೆರಳು ತೋರಿಸಲ್ಲ.

ನನ್ನ ತಕರಾರು ಇಷ್ಟೇ. ಕೈ ಹಿಂದಕ್ಕೆ ತೆಗೆದುಕೊಂಡಾಗ ಉಳಿಯುವ ಆ ಹೊತ್ತು ಎಲ್ಲಿಗೆ ಹೋಯಿತು? ನನ್ನದು ಫೋನ್ ನೋಡುತ್ತಾ, ಆಫೀಸನ್ನು ಬೈಯುತ್ತಾ ಹೋಯಿತು. ಆರು ಗಂಟೆಗೆ ಲ್ಯಾಪ್‌ಟಾಪ್ ಮುಚ್ಚುತ್ತಿದ್ದೆ, ತಲೆಯೊಳಗಿನ ಆಫೀಸು ಹನ್ನೊಂದಾದರೂ ಮುಚ್ಚುತ್ತಿರಲಿಲ್ಲ. ಅದಕ್ಕೆ ಎರಡನೇ ಸಲ ಕ್ಯಾಲೆಂಡರ್‌ನಲ್ಲಿ ಒಂದು ತಾರೀಖು ಗುರುತು ಹಾಕಿದೆ, ಆರು ತಿಂಗಳ ಆಚೆಗೆ. ವಾರಕ್ಕೆ ಮೂರು ಸಂಜೆ ಓದು. ರೆಸ್ಯೂಮೆ ತೆಗೆದು ನೋಡಿದರೆ ಫೈಲ್ ಕೊನೆಯ ಸಲ ತೆರೆದು ನಾಲ್ಕು ವರ್ಷ ಆಗಿತ್ತು. ಮುಂದಿನ ಇಂಟರ್‌ವ್ಯೂಗಳಲ್ಲಿ ನಾನೂ ಒಂದು ಪ್ರಶ್ನೆ ಕೇಳಲು ಶುರು ಮಾಡಿದೆ: "ಈ ಟೀಮಿನಲ್ಲಿ ಕೊನೆಗೆ ಪ್ರಮೋಷನ್ ಆಗಿದ್ದು ಯಾರಿಗೆ, ಯಾವ ಕೆಲಸಕ್ಕೆ?" ಒಂದು ಕಡೆ ಇಬ್ಬರೂ ಮುಖ ಮುಖ ನೋಡಿಕೊಂಡರು. ಅಲ್ಲಿಗೆ ನಾನು ಹೋಗಲಿಲ್ಲ.

ಕೊನೆಗೆ ಒಂದು ಕಡೆ ಆಯಿತು. ರಾಜೀನಾಮೆ ಕಳಿಸಿದ ಮರುದಿನವೇ ಇಲ್ಲದ ಬಜೆಟ್ ಎಲ್ಲಿಂದಲೋ ಹುಟ್ಟಿಕೊಂಡಿತು, ಆ ಕಥೆ ನಿಮಗೆಲ್ಲ ಗೊತ್ತಿರೋದೇ. ಬೇಡ ಅಂದೆ. ನೋಟಿಸ್ ಪೀರಿಯಡ್ ಕೊನೆಯ ವಾರ ಹ್ಯಾಂಡೋವರ್‌ಗೆ ಕೂತೆವು. ಮ್ಯಾನೇಜರ್ ನನ್ನ ಕೆಲಸಗಳ ಹಳೆಯ ಪಟ್ಟಿ ತೆಗೆದು ಒಂದೊಂದಕ್ಕೇ ಟಿಕ್ ಹಾಕುತ್ತಾ ಬಂದರು. ಒಂದು ಕಡೆ ಪೆನ್ನು ನಿಂತಿತು.

"ಈ ಸೋಮವಾರದ ರಿಪೋರ್ಟ್ ತುಂಬ ಉಪಯೋಗಕ್ಕೆ ಬರುತ್ತೆ ಕಣ್ರೀ. ನೀವು ಹೋದ ಮೇಲೆ ಇದನ್ನ ಯಾರು ಕಳಿಸ್ತಾರೆ?"

ನಾನು ಅದನ್ನು ಕಳಿಸಿ ಒಂದೂವರೆ ವರ್ಷ ಆಗಿತ್ತು.