ಒಂಬತ್ತನೇ ತಾರೀಕಿನ ಬೆಂಚು

ಬಸುರಿಯರ ತಪಾಸಣೆಯನ್ನು ಗುಂಪಿನಲ್ಲಿ ಮಾಡಬೇಕು ಅಂತ ಯಾರ ಹತ್ತಿರ ಹೇಳಿದರೂ ಬರುವ ಮೊದಲ ಪ್ರಶ್ನೆ ಒಂದೇ. "ಅಯ್ಯೋ, ಎಲ್ಲರ ಎದುರು ಹೊಟ್ಟೆ ತೋರಿಸಬೇಕಾ?" ಬೇಡ ಮಾರಾಯ್ರೆ. ಅದಕ್ಕೆ ಆಮೇಲೆ ಬರ್ತೀನಿ.

2016ರಿಂದ ಪ್ರತಿ ತಿಂಗಳ 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಉಚಿತವಾಗಿ ಡಾಕ್ಟರ್ ತಪಾಸಣೆ ಇದೆ. ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನ ಅಂತ ಹೆಸರು. ಯೋಜನೆ ಬಗ್ಗೆ ನನ್ನ ತಕರಾರಿಲ್ಲ. ಆದರೆ ಮೂಡಿಗೆರೆ, ಕೊಪ್ಪ, ಸಕಲೇಶಪುರದ ಕಡೆ ತೋಟದ ಕೂಲಿಯವರ ಲೈನ್ ಮನೆಯಿಂದ ಬರುವ ಹೆಂಗಸಿಗೆ ಆಸ್ಪತ್ರೆ ಅಂದರೆ ಒಂದು ದಿನದ ಸಂಬಳ ಹೋಯಿತು ಅಂತಲೇ ಲೆಕ್ಕ. ಮೊದಲ ಬಸ್ಸು ಹಿಡಿದು, ಚೀಟಿ ಮಾಡಿಸಿ, ರಕ್ತ ಕೊಟ್ಟು, ಬೆಂಚಿನ ಮೇಲೆ ಕೂತರೆ ಮಧ್ಯಾಹ್ನ ಆಗುತ್ತೆ. ಒಳಗೆ ಹೋದರೆ ಐದು ನಿಮಿಷ. ಡಾಕ್ಟರನ್ನು ಬೈದು ಪ್ರಯೋಜನವಿಲ್ಲ, ಹೊರಗೆ ಅಷ್ಟು ಜನ ಕಾಯುತ್ತಾ ಇರುತ್ತಾರೆ.

ನನ್ನ ನಾದಿನಿಯ ಜೊತೆ ಹೋದಾಗ ನಾನೂ ಆ ಬೆಂಚಿನ ಮೇಲೆ ಕೂತಿದ್ದೆ. ಪಕ್ಕದಲ್ಲಿದ್ದವಳು ತಾಯಿ ಕಾರ್ಡ್ ಕೈಯಲ್ಲಿ ತಿರುಗಿಸುತ್ತಿದ್ದಳು. ಹಿಮೋಗ್ಲೋಬಿನ್ 8.6 ಅಂತ ಬರೆದಿತ್ತು. ಅದು ಕಡಿಮೆಯೋ ಜಾಸ್ತಿಯೋ ಅವಳಿಗೆ ಗೊತ್ತಿರಲಿಲ್ಲ. ಬಸುರಿಗೆ 11ಕ್ಕಿಂತ ಕೆಳಗಿದ್ದರೆ ರಕ್ತ ಕಡಿಮೆ ಅಂತ ಅರ್ಥ. ಕಬ್ಬಿಣದ ಮಾತ್ರೆ ತಗೊಳ್ತಿದ್ದೀಯಾ ಅಂತ ಕೇಳಿದೆ. "ಅದನ್ನ ತಿಂದ್ರೆ ವಾಂತಿ ಅಕ್ಕ. ಮನೇಲಿ ಕೇಳಿದ್ರೆ ತಗೊಂಡೆ ಅಂತೀನಿ, ಆಮೇಲೆ ಸೀಬೆ ಗಿಡದ ಬುಡಕ್ಕೆ ಹಾಕ್ತೀನಿ" ಅಂತ ನಕ್ಕಳು.

ಆಚೆ ತುದಿಯಿಂದ ಇನ್ನೊಬ್ಬಳು, ಎರಡನೇ ಮಗುವಿನ ಬಸುರಿ, ಬಗ್ಗಿ ನೋಡಿ ಹೇಳಿದಳು. "ಬೆಳಗ್ಗೆ ಕಾಫಿ ಜೊತೆ ತಗೋತೀಯೇನೋ. ಬೇಡ. ರಾತ್ರಿ ಊಟ ಆಗಿ ಸ್ವಲ್ಪ ಹೊತ್ತು ಬಿಟ್ಟು ತಗೋ, ನಂಗೂ ಹಂಗೇ ಆಗ್ತಿತ್ತು. ಕಕ್ಕಸು ಕಪ್ಪಗಾಗುತ್ತೆ, ಹೆದರಬೇಡ." ಹೇಳಿದ್ದು ಸರಿಯಾಗಿಯೇ ಇತ್ತು. ಕಾಫಿ, ಟೀ ಎರಡೂ ಕಬ್ಬಿಣಾಂಶ ಮೈಗೆ ಹಿಡಿಯದಂತೆ ಮಾಡುತ್ತವೆ. ಕಾಫಿ ಬೆಳೆಯುವ ಜಿಲ್ಲೆಯಲ್ಲಿ ಈ ಒಂದು ಮಾತನ್ನು ಗೋಡೆ ಗೋಡೆ ಮೇಲೆ ಬರೆಸಬೇಕು.

ಆದರೆ ಅದೇ ಬೆಂಚಿನಲ್ಲಿ ಜೊತೆಗೆ ಬಂದಿದ್ದ ಅಜ್ಜಿಯೊಬ್ಬರು, "ಕೊನೇ ತಿಂಗಳಲ್ಲಿ ಹೊಟ್ಟೆ ತುಂಬ ಉಣ್ಣಬೇಡಿ, ಕೂಸು ದಪ್ಪ ಆದ್ರೆ ಕುಯ್ದೇ ತೆಗೀಬೇಕು" ಅಂದರು. ಎಲ್ಲರೂ ತಲೆ ಆಡಿಸಿದರು. ಅದು ತಪ್ಪು ಅಂತ ಹೇಳಬೇಕಾದ ಸಿಸ್ಟರ್ ಬಾಗಿಲಾಚೆ ಹೆಸರು ಕೂಗುತ್ತಿದ್ದರು.

ನನ್ನ ವಾದ ಇಷ್ಟೇ. ಬಸುರಿಯರು ಹೇಗೂ ಒಟ್ಟಿಗೆ ಕೂತಿರುತ್ತಾರೆ, ಹೇಗೂ ಮಾತಾಡುತ್ತಾರೆ. ಆ ಸಿಸ್ಟರ್ ಬಾಗಿಲಿನಿಂದ ಈಚೆ ಬಂದು ಅವರ ಜೊತೆ ಕೂರಲಿ.

ಇದು ಹೊಸದೇನಲ್ಲ. ಅಮೆರಿಕದಲ್ಲಿ ಶರನ್ ಷಿಂಡ್ಲರ್ ರೈಸಿಂಗ್ ಎಂಬ ನರ್ಸ್ 1990ರ ದಶಕದಲ್ಲಿ ಸೆಂಟರಿಂಗ್ ಪ್ರೆಗ್ನೆನ್ಸಿ ಅಂತ ಶುರು ಮಾಡಿದರು. ಹೆಚ್ಚುಕಡಿಮೆ ಒಂದೇ ತಿಂಗಳಲ್ಲಿ ಹೆರಿಗೆ ಇರುವ ಎಂಟರಿಂದ ಹನ್ನೆರಡು ಜನರದ್ದು ಒಂದು ಗುಂಪು. ಹೆರಿಗೆಯವರೆಗೆ ಸುಮಾರು ಹತ್ತು ಸಲ ಅದೇ ಗುಂಪು ಸೇರುತ್ತೆ, ಪ್ರತಿ ಸಲ ಒಂದೂವರೆ, ಎರಡು ಗಂಟೆ. ಬಂದ ಕೂಡಲೇ ತೂಕ, ಬಿಪಿ ತಾವೇ ನೋಡಿಕೊಂಡು ತಮ್ಮ ಕಾರ್ಡಿನಲ್ಲಿ ತಾವೇ ಬರೆದುಕೊಳ್ಳುತ್ತಾರೆ. ಹೊಟ್ಟೆ ನೋಡುವುದು, ಮಗುವಿನ ಎದೆಬಡಿತ ಕೇಳುವುದು ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು. ಪ್ರಶ್ನೆ ಕೇಳಿದ್ದರಲ್ಲ, ಉತ್ತರ ಇದು. ಅದಾದ ಮೇಲೆ ಎಲ್ಲರೂ ಸುತ್ತ ಕೂತು ಮಾತು.

ಬಿಪಿ ತಾನೇ ನೋಡಿಕೊಳ್ಳುವುದು ಸಣ್ಣ ವಿಷಯ ಅನ್ನಿಸಬಹುದು. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಅದೇ. 140/90 ದಾಟಿದರೆ ಹುಷಾರಾಗಬೇಕು, ಅದರ ಜೊತೆ ಬಿಡದ ತಲೆನೋವು, ಕಣ್ಣು ಮಂಜು ಬಂದರೆ ಕಾಯುತ್ತಾ ಕೂರದೆ ಆಸ್ಪತ್ರೆಗೆ ಓಡಬೇಕು ಅಂತ ಗೊತ್ತಿರುವ ಹೆಂಗಸು ರಾತ್ರಿ ಹತ್ತು ಗಂಟೆಗೆ ಗಂಡನನ್ನು ಎಬ್ಬಿಸುತ್ತಾಳೆ. ಗೊತ್ತಿಲ್ಲದವಳು ಅಮೃತಾಂಜನ ಹಚ್ಚಿ ಮಲಗುತ್ತಾಳೆ. ಮಳೆಗಾಲದಲ್ಲಿ, ನೆಟ್‌ವರ್ಕ್ ಇಲ್ಲದ ತೋಟದಲ್ಲಿ, ಇದು ಸಣ್ಣ ವಿಷಯ ಅಲ್ವೇ ಅಲ್ಲ.

ಇನ್ನು, ಇದರಿಂದ ತಾಯಿ ಮಗುವಿಗೆ ನಿಜವಾಗಿ ಏನು ಲಾಭ? ಇಲ್ಲಿ ಸ್ವಲ್ಪ ನಿಧಾನಿಸಬೇಕು. 2007ರಲ್ಲಿ ಅಮೆರಿಕದಲ್ಲಿ 1,047 ಎಳೆ ವಯಸ್ಸಿನ ಬಸುರಿಯರ ಮೇಲೆ ನಡೆದ ಅಧ್ಯಯನದಲ್ಲಿ, ಗುಂಪಿನಲ್ಲಿದ್ದವರಲ್ಲಿ ದಿನ ತುಂಬುವ ಮೊದಲೇ ಹೆರಿಗೆ ಆಗಿದ್ದು ಶೇ. 9.8, ಮಾಮೂಲಿ ತಪಾಸಣೆಯವರಲ್ಲಿ ಶೇ. 13.8. ಎಲ್ಲರೂ ಕುಣಿದಾಡಿದರು. ಆಮೇಲೆ 2015ರಲ್ಲಿ ನಾಲ್ಕು ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದ ಕೊಕ್ರೇನ್ (ವೈದ್ಯಕೀಯ ಅಧ್ಯಯನಗಳನ್ನು ಸೇರಿಸಿ ತೂಗಿ ನೋಡುವ ಸಂಸ್ಥೆ) ಪರಿಶೀಲನೆಯಲ್ಲಿ ಅಂಥ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ದಕ್ಷಿಣ ಕೆರೊಲಿನಾದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಹೆಂಗಸರ ಮೇಲೆ ನಡೆದು 2022ರಲ್ಲಿ ಬಂದ ಅಧ್ಯಯನದಲ್ಲೂ ಒಟ್ಟಾರೆ ವ್ಯತ್ಯಾಸ ಇರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಕೂಡ 2016ರ ಮಾರ್ಗಸೂಚಿಯಲ್ಲಿ, ಗುಂಪು ತಪಾಸಣೆ ಮಾಡಬಹುದು, ಆದರೆ ಅಧ್ಯಯನದ ಜೊತೆಗೇ ಮಾಡಿ ಅಂತ ಎಚ್ಚರಿಕೆಯಿಂದ ಹೇಳಿದೆ. ಹಾಗಾಗಿ ಗುಂಪಿನಲ್ಲಿ ಕೂತ ಮಾತ್ರಕ್ಕೆ ಅವಧಿಗೆ ಮುಂಚಿನ ಹೆರಿಗೆ ನಿಲ್ಲುತ್ತೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ನಮ್ಮ ದೇಶದ್ದೇ ಒಂದು ಕಥೆ ಇದೆ. ಜಾರ್ಖಂಡ್ ಮತ್ತು ಒಡಿಶಾದಲ್ಲಿ ಏಕಜುಟ್ ಎಂಬ ಸಂಸ್ಥೆ ಹಳ್ಳಿ ಹೆಂಗಸರ ಗುಂಪು ಕಟ್ಟಿ ತಿಂಗಳಿಗೊಮ್ಮೆ ಸೇರಿಸುತ್ತಿತ್ತು. ನಡೆಸುತ್ತಿದ್ದವಳು ಅದೇ ಕಡೆಯ ಒಬ್ಬ ಹೆಂಗಸು, ಡಾಕ್ಟರ್ ಅಲ್ಲ. 2010ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಆ ಕಡೆ ನವಜಾತ ಶಿಶುಗಳ ಸಾವು ಶೇ. 32ರಷ್ಟು ಕಡಿಮೆ ಆಗಿತ್ತು. ಆದರೆ ಅಲ್ಲಿ ಆಗ ಹೆಚ್ಚಿನ ಹೆರಿಗೆ ಮನೆಯಲ್ಲೇ ಆಗುತ್ತಿತ್ತು. ಕೈ ತೊಳೆಯುವುದು, ಹೊಕ್ಕುಳ ಬಳ್ಳಿಗೆ ಕುದಿಸಿದ ದಾರ ಕಟ್ಟುವುದು, ಇಂಥದ್ದರಿಂದಲೇ ಜೀವ ಉಳಿಯುತ್ತಿತ್ತು. ಕರ್ನಾಟಕದಲ್ಲಿ ಈಗ ಶೇ. 97 ಹೆರಿಗೆ ಆಸ್ಪತ್ರೆಯಲ್ಲೇ. ಅಲ್ಲಿ ಆದಷ್ಟು ಲಾಭ ಇಲ್ಲೂ ಆಗುತ್ತೆ ಅಂತ ನಾನು ಹೇಳಲ್ಲ. ನಮ್ಮ ಸಮಸ್ಯೆ ಬೇರೆ. ಐದನೇ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ರಾಜ್ಯದ ಬಸುರಿಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನಕ್ಕೆ ರಕ್ತಹೀನತೆ. ಮಾತ್ರೆ ಉಚಿತವಾಗಿ ಸಿಗುತ್ತೆ. ಸೀಬೆ ಗಿಡ ಚೆನ್ನಾಗಿ ಬೆಳೀತಿದೆ.

ಮಾತ್ರೆ ಹೊಟ್ಟೆಗೆ ಹೋಗಬೇಕಾದರೆ ಆ ಬೆಂಚಿನಲ್ಲಿ ನಡೆದಂಥ ಮಾತು ಬೇಕು. "ಮಾತ್ರೆ ತಗೊಳ್ಳಮ್ಮ" ಅಂತ ಡಾಕ್ಟರ್ ಹೇಳಿದರೆ ಅದು ಆಜ್ಞೆ. ತನ್ನ ಹಾಗೇ ವಾಂತಿ ಮಾಡಿಕೊಂಡವಳು ಹೇಳಿದರೆ ಅದು ಉಪಾಯ.

ನನಗಿರುವ ಭಯ ಒಂದೇ, ಇದು ಸರ್ಕಾರಿ ಕಾರ್ಯಕ್ರಮ ಆಗಿಬಿಡುತ್ತೆ ಅಂತ. ಶಾಮಿಯಾನ, ಬ್ಯಾನರ್, ದೀಪ ಬೆಳಗಿಸುವುದು, ಅತಿಥಿಗಳ ಭಾಷಣ. ಬಸುರಿಯರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಸಾಲಾಗಿ ಕೂತು ಬೆನ್ನು ನೋಯಿಸಿಕೊಳ್ಳುವುದು. ಅಂಗನವಾಡಿಗಳಲ್ಲಿ ಸಾಮೂಹಿಕ ಸೀಮಂತ ಮಾಡುತ್ತಾರಲ್ಲ, ನೋಡಿದ್ದೀರಾ? ಹಸಿರು ಬಳೆ, ಮಡಿಲು ತುಂಬುವುದು, ಫೋಟೊ. ನನಗೆ ಆ ಸಂಭ್ರಮ ಇಷ್ಟವೇ, ತವರು ಇಲ್ಲದ ಎಷ್ಟೋ ಹೆಣ್ಣುಮಕ್ಕಳಿಗೆ ಅದೊಂದೇ ಸೀಮಂತ. ಆದರೆ ಅಷ್ಟು ಜನ ಬಸುರಿಯರು ಒಂದೇ ಕಡೆ ಸೇರಿದ ದಿನ ಒಂದು ಬಿಪಿ ಮಿಷನ್ ತಂದಿಟ್ಟಿದ್ದರೆ ಏನು ಗಂಟು ಹೋಗುತ್ತಿತ್ತು?

ಇನ್ನೊಂದು ಎಡವಟ್ಟೂ ಇದೆ. ತೋಟಗಳಲ್ಲಿ ಈಗ ಅಸ್ಸಾಂ ಕಡೆಯಿಂದ ಬಂದ ಕುಟುಂಬಗಳು ತುಂಬಾ ಇವೆ. ಆ ಹೆಂಗಸರಿಗೆ ಕನ್ನಡ ಬರಲ್ಲ. ಸುತ್ತ ಕೂತು ಮಾತಾಡುವಾಗ ಅವರು ಮೂಲೆಯಲ್ಲಿ ಸುಮ್ನೆ ಕೂರುತ್ತಾರೆ. ಅದಕ್ಕೆ ಏನು ಮಾಡಬೇಕೋ ಆಶಾ ಕಾರ್ಯಕರ್ತೆಯರೇ ಹೇಳಬೇಕು. ಗಂಡ ಹೊಡೆಯುವಂಥ ವಿಷಯವನ್ನು ಗುಂಪಿನಲ್ಲಿ ಯಾರೂ ಬಾಯಿ ಬಿಡುವುದಿಲ್ಲ, ಅದಕ್ಕೆ ಆ ಪಕ್ಕದ ಕೋಣೆಯ ಐದು ನಿಮಿಷವೇ ಬೇಕು. ಡಾಕ್ಟರ್ ತಪಾಸಣೆ ತಪ್ಪಿಸಿ ಗುಂಪು ಮಾಡುವುದಾದರೆ ನಾನೇ ಮೊದಲು ಬೇಡ ಅಂತೀನಿ.

ತೋಟದ ಮಾಲೀಕರು ನನ್ನ ಫ್ರೆಂಡ್ಸ್ ಲಿಸ್ಟಿನಲ್ಲಿ ಬೇಕಾದಷ್ಟು ಜನ ಇದ್ದೀರಿ. ತಿಂಗಳಿಗೊಂದು ದಿನ ಬಸುರಿಯರಿಗೆ ಸಂಬಳ ಹಿಡಿಯದೆ ಬಿಡ್ತೀರಾ? ಜೀಪಿನಲ್ಲಿ ಬಸ್ ಸ್ಟ್ಯಾಂಡಿನವರೆಗೆ ಬಿಡಿಸ್ತೀರಾ? ಹಾಗೇ ಸಿಸ್ಟರ್‌ಗಳು ಯಾರಾದರೂ ಇದನ್ನು ಓದುತ್ತಿದ್ದರೆ ಹೇಳಿ, ಈಗಿರುವ ಕೆಲಸದ ಹೊರೆಯಲ್ಲಿ ಎರಡು ಗಂಟೆ ಕೂತು ಮಾತಾಡಲು ನಿಮಗೆ ಆಗುತ್ತಾ, ಇಲ್ಲ ಅದಕ್ಕೆ ಇನ್ನೊಬ್ಬರನ್ನು ಕೊಡಬೇಕಾ?