ಕಸ ಬೇಕಾಗಿದೆ, ಹೊಸದಾದ್ರೆ ಒಳ್ಳೇದು

ಜೂನ್ 5 ಹತ್ರ ಬಂತು ಅಂದ್ರೆ ನಮ್ಮ ಕಾಲೇಜುಗಳಿಗೆ ಪರಿಸರದ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕುತ್ತೆ, ಆ ಪ್ರೀತಿ ಸೀದಾ ಹೋಗಿ ಹತ್ತೋದು ರ‍್ಯಾಂಪ್ ಮೇಲೆ. ಬೆಸ್ಟ್ ಔಟ್ ಆಫ್ ವೇಸ್ಟ್ ಫ್ಯಾಷನ್ ಶೋ! ಒಬ್ಬ ಹುಡುಗೀನ ಕಂಬದ ಥರ ನಿಲ್ಸಿ, ಕೊಟ್ಟ ಟೈಮಲ್ಲಿ ಅವಳ ಮೈಮೇಲೇ ಪೇಪರು, ಕವರು, ಸ್ಟ್ರಾ, ಚಮಚ ಅಂಟಿಸಿ ಶಿಲ್ಪ ಕಟ್ಬೇಕು. ಐಡಿಯಾ ಏನ್ ಕೆಟ್ಟದ್ದಲ್ಲ ಬಿಡಿ. ಆದ್ರೆ ಮನೇಲಿರೋ ಕಸ ವಾಸ್ನೆ ಬರುತ್ತೆ, ಕಲರ್ ಮ್ಯಾಚ್ ಆಗಲ್ಲ, ಅದಕ್ಕೆ ಹಿಂದಿನ ದಿನ ಅಪ್ಪನ ಸ್ಕೂಟರ್ ಹತ್ತಿ ಪೇಟೆಗೆ ಹೋಗಿ ಪ್ಯಾಕ್ ಒಡೀದೇ ಇರೋ ಫ್ರೆಶ್ ಕಸ ತರ್ತಾರೆ.

ಆ ಪ್ಲಾಸ್ಟಿಕ್ ಚಮಚ, ಸ್ಟ್ರಾ, ಲೋಟ, ಥರ್ಮಾಕೋಲ್ ಅಲಂಕಾರ ಎಲ್ಲಾ 2022ರ ಜುಲೈ 1ರಿಂದ ದೇಶದಲ್ಲೇ ಬ್ಯಾನು. ನಮ್ಮ ರಾಜ್ಯ ಅಂತೂ 2016ರಲ್ಲೇ ಪ್ಲಾಸ್ಟಿಕ್ ನಿಷೇಧ ಮಾಡಿ ಬೆನ್ನು ತಟ್ಕೊಂಡಿತ್ತು. ಈಗ ಅಂಗಡಿಯವ್ರು ಟೇಬಲ್ ಕೆಳಗಿಂದ ತೆಗೆದುಕೊಟ್ಟ ಚಮಚಾನ ಮೈತುಂಬಾ ಮೆತ್ತಿಸ್ಕೊಂಡು ಹುಡುಗಿ ‘ಸೇ ನೋ ಟು ಪ್ಲಾಸ್ಟಿಕ್’ ಬೋರ್ಡ್ ಹಿಡ್ದು ನಡೀತಾಳೆ, ಹಿಂದ್ಗಡೆ ಅದೇ ಮಾತು ಬರೆದಿರೋ ಫ್ಲೆಕ್ಸು. ಅದೂ ಬ್ಯಾನ್ ಲಿಸ್ಟಲ್ಲಿ ಇದ್ದಿದ್ದೇ.

ಹುಡುಗಿ ಪಾಡು ಯಾರಿಗೂ ಬೇಡ. ಗ್ಲೂ ಗನ್ನಿನ ಬಿಸಿ ಅಂಟು ಭುಜಕ್ಕೆ ತಾಗಿದ್ರೂ ನಗ್ತಾನೇ ಇರ್ಬೇಕು, ಜೋರಾಗಿ ಉಸಿರೆಳೆದ್ರೆ ಸೊಂಟದ ಸ್ಟೇಪ್ಲರ್ ಪಿನ್ ಕಿತ್ಕೊಂಡು ಬರುತ್ತೆ, ಕೂರೋ ಹಾಗಿಲ್ಲ, ಬಾತ್‌ರೂಮ್ ವಿಷ್ಯ ಕೇಳ್ಲೇಬೇಡಿ, ಮುಖ್ಯ ಅತಿಥಿಗಳು ಬೇರೆ ಎರಡು ಗಂಟೆ ಲೇಟು. ಕೊನೆಗೆ ಜಡ್ಜ್ ಮೇಡಂ ಬಂದು ‘ಕಾನ್ಸೆಪ್ಟ್ ಏನಮ್ಮಾ?’ ಅಂದ್ರೆ ‘ನರಳುತ್ತಿರುವ ಭೂಮಿತಾಯಿ ಮ್ಯಾಮ್’ ಅಂತಾಳೆ. ನರಳ್ತಾ ಇರೋದಂತೂ ಕಣ್ಣಿಗೇ ಕಾಣ್ತಿರುತ್ತೆ.

ಒಂದು ಕಡೆ ನ್ಯೂಸ್‌ಪೇಪರ್ ಲಂಗ ನೋಡ್ದೆ, ನೆರಿಗೆ ಅದ್ಭುತ. ಆದ್ರೆ ಯಾರೋ ಲೀಡರ್ ಹುಟ್ಟುಹಬ್ಬದ ಫುಲ್ ಪೇಜ್ ಜಾಹೀರಾತು ಸರಿಯಾಗಿ ಹಿಂಭಾಗಕ್ಕೆ ಬಂದ್ಬಿಟ್ಟಿತ್ತು, ಸಾಹೇಬ್ರು ಅಲ್ಲಿಂದ ಕೈಮುಗೀತಾ ಇದಾರೆ. ಮುಖ್ಯ ಅತಿಥಿ ಅವರದ್ದೇ ಕಡೆಯವ್ರು! ಹೆಚ್ಓಡಿ ಮೇಡಂ ಫೆವಿಕಾಲ್ ಡಬ್ಬ ಹಿಡ್ಕೊಂಡು ಓಡ್ಬಂದು ಸಾಹೇಬ್ರ ಮುಖದ ಮೇಲೆ ಷೇರುಪೇಟೆ ಪುಟ ಅಂಟಿಸಿದ್ಮೇಲೇ ಮ್ಯೂಸಿಕ್ ಶುರುವಾಗಿದ್ದು.

ಇದನ್ನೆಲ್ಲಾ ‘ಇನ್ನೋವೇಟಿವ್’ ಅಂತ ಬೇರೆ ಕರೀತಾರೆ. ಕರಾವಳೀಲಿ ಭೂತಕೋಲಕ್ಕೆ ಎಳೇ ತೆಂಗಿನ ಗರಿ ಸೀಳಿ ಸೊಂಟಕ್ಕೆ ಸಿರಿ ಕಟ್ತಾರೆ, ಆಟಿ ಅನ್ನೋ ತುಳು ತಿಂಗಳಲ್ಲಿ ಆಟಿ ಕಳೆಂಜ ಅನ್ನೋ ಜನಪದ ವೇಷದವ್ನು ಅದೇ ಗರಿ ಉಟ್ಕೊಂಡು ಮಳೇಲಿ ಮನೆಮನೆಗೆ ಕುಣ್ಕೊಂಡ್ ಬರ್ತಾನೆ. ಗ್ಲೂ ಗನ್ ಇಲ್ಲ, ಪಿನ್ ಇಲ್ಲ, ಎಷ್ಟು ಕುಣಿದ್ರೂ ಕಳಚಲ್ಲ. ನಮ್ಮ ಭೂಮಿತಾಯಿ ಹತ್ತು ಹೆಜ್ಜೆ ಇಟ್ಟಿದ್ದಕ್ಕೇ ಮೂರು ಚಮಚ ಉದುರಿಸಿದ್ಲು.

ಪ್ರೋಗ್ರಾಂ ಮುಗೀತು, ಹುಡುಗೀನ ಕತ್ತರೀಲಿ ಕತ್ತರಿಸಿ ಈಚೆ ತೆಗೆದ್ರು. ಬರೀ ಪೇಪರ್ ಆಗಿದ್ರೆ ಗುಜರಿಯವ್ರು ದುಡ್ಡು ಕೊಟ್ಟು ಒಯ್ತಿದ್ರು, ಈಗ ಅಂಟು, ಪಿನ್ನು, ಗ್ಲಿಟರ್ ಮೆತ್ಕೊಂಡು ಅವ್ರೂ ಮುಟ್ಟಲ್ಲ. ಬೆಳಿಗ್ಗೆ ಕಸದ ಆಟೋ ಬಂತು. ಅಕ್ಕ ಆ ಲಂಗ ಎತ್ತಿ ಹಿಡ್ದು ಕೇಳಿದ್ರು, ‘ಇದು ಹಸಿ ಕಸಾನಾ ಒಣ ಕಸಾನಾ?’

‘ಫಸ್ಟ್ ಪ್ರೈಜ್ ಅಕ್ಕ.’

‘ಸರಿ, ಅದನ್ನ ಯಾವ ಡಬ್ಬಕ್ಕೆ ಹಾಕ್ಲಿ?’